ಫರ್ನೇಸ್ ಆಯಿಲ್ ಒಡೆದಿದೆಯೇ? ಒಂದು ಹನಿ ಹೇಳುತ್ತದೆ

ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದ ಒಂದು ಬಾಯ್ಲರ್ ಮನೆ. ಚಳಿಗಾಲದ ಬೆಳಗು, ಬರ್ನರ್ ಹತ್ತುತ್ತಿಲ್ಲ. ಸ್ಟ್ರೈನರ್ ಬಿಚ್ಚಿದರೆ ಜಾಲರಿ ತುಂಬ ಕರಿ ಜಿಡ್ಡು. ‘ಎಣ್ಣಿ ದಪ್ಪ ಆಗಿತ್ತರೀ ಸಾಹೇಬ್ರ, ನಿನ್ನೆ ಎರಡ ಕ್ಯಾನ್ ಡೀಸೆಲ್ ಹಾಕೇವ್ರಿ’ ಅಂದ ಆಪರೇಟರ್. ರೋಗ ಅಲ್ಲೇ ಸಿಕ್ಕಿತು.

ಕಚ್ಚಾ ತೈಲದಿಂದ ಪೆಟ್ರೋಲ್, ಡೀಸೆಲ್ ತೆಗೆದ ಮೇಲೆ ತಳದಲ್ಲಿ ಉಳಿಯುವ ಭಾರದ ಎಣ್ಣೆಯೇ ಬಾಯ್ಲರ್‌ನಲ್ಲಿ ಉರಿಸುವ ಫರ್ನೇಸ್ ಆಯಿಲ್‌ನ ಮೂಲ. ಅದರಲ್ಲಿ ಆಸ್ಫಾಲ್ಟೀನ್ ಎಂಬ ಕರಿ ಕಣಗಳು ರಾಳದಂಥ ಅಂಶವನ್ನು ಹೊದ್ದು ತೇಲಾಡುತ್ತಿರುತ್ತವೆ. ಪ್ಯಾರಾಫಿನ್ ಹೆಚ್ಚಿರುವ ಡೀಸೆಲ್ ಬಿದ್ದರೆ ಆ ಹೊದಿಕೆ ಕಳಚಿ, ಕಣಗಳು ಒಂದಕ್ಕೊಂದು ಅಂಟಿ ತಳ ಸೇರುತ್ತವೆ. ಹಾಲಿಗೆ ಹುಳಿ ಬಿದ್ದ ಹಾಗೆ. ಎಣ್ಣೆ ತೆಳ್ಳಗಾದದ್ದೂ ನಿಜ, ಒಡೆದದ್ದೂ ನಿಜ.

ಔಷಧಿಗೆ ಮೊದಲು ಪರೀಕ್ಷೆ. ಸಣ್ಣ ಸೀಸೆಯಲ್ಲಿ ಎಣ್ಣೆ ತೆಗೆದುಕೊಂಡು, ಬೇರೆ ಕಡೆ ಕಾಯಿಸಿ ತಂದ ಬಿಸಿ ನೀರಿನಲ್ಲಿ ಇಡಿ. ಬೆಂಕಿಯ ಹತ್ತಿರ ಬೇಡವೇ ಬೇಡ: 66 ಡಿಗ್ರಿ ದಾಟಿದರೆ ಇದರ ಆವಿ ಕಿಡಿ ತಗುಲಿ ಹೊತ್ತಿಕೊಳ್ಳಬಹುದು. ಚೆನ್ನಾಗಿ ಕಲಕಿ, ಗಾಜಿನ ಕಡ್ಡಿಯಿಂದ ಫಿಲ್ಟರ್ ಕಾಗದದ ಮೇಲೆ ಒಂದು ಹನಿ ಬಿಡಿ. ಲ್ಯಾಬಿನ ಓವನ್‌ನಲ್ಲಿ 100 ಡಿಗ್ರಿಗೆ ಒಂದು ಗಂಟೆ ಒಣಗಿಸಿ. ಕಲೆ ಅಂಚಿನವರೆಗೂ ಒಂದೇ ಕಂದು ಬಣ್ಣದಲ್ಲಿದ್ದರೆ ಎಣ್ಣೆ ಗಟ್ಟಿಮುಟ್ಟು. ಅದು 1ನೇ ದರ್ಜೆ. ನಡುವೆ ಮಗುವಿನ ಕೆನ್ನೆಯ ಕಾಡಿಗೆ ಬೊಟ್ಟಿನಂತೆ ಗಾಢ ಕಪ್ಪು ಕೂತರೆ 5ನೇ ದರ್ಜೆ, ಪೂರ್ತಿ ಒಡೆದದ್ದು. ಹಳೆಯ ದಾಸ್ತಾನನ್ನೂ ಹೊಸ ಟ್ಯಾಂಕರ್‌ನ ಎಣ್ಣೆಯನ್ನೂ ಅರ್ಧರ್ಧ ಬೆರೆಸಿ ಒಂದು ಹನಿ ನೋಡಿ. ಬಿಡಿಯಾಗಿ ಚೆನ್ನಾಗಿರುವ ಎರಡು ಎಣ್ಣೆಗಳು ಕೂಡಿದಾಗ ಜಗಳಾಡುವುದುಂಟು.

ಇನ್ನು ಔಷಧಿ, ಅಂದರೆ ಕಣಗಳು ಅಂಟಿಕೊಳ್ಳದಂತೆ ಚದುರಿಸಿಡುವ ಡಿಸ್ಪರ್ಸೆಂಟ್. ಡೋಡೆಸೈಲ್ ಬೆಂಜೀನ್ ಸಲ್ಫೋನಿಕ್ ಆಮ್ಲದಂಥವು ಆಸ್ಫಾಲ್ಟೀನ್ ಕಣಕ್ಕೆ ಒಂದು ತುದಿಯಿಂದ ಅಂಟಿಕೊಂಡು, ಎಣ್ಣೆಗೆ ಒಗ್ಗುವ ಉದ್ದನೆಯ ಬಾಲವನ್ನು ಹೊರಗೆ ಚಾಚುತ್ತವೆ. ಕಳಚಿದ ಹೊದಿಕೆಗೆ ಬದಲಿ ಇದು. ಡಬ್ಬಿಯ ಮೇಲೆ 5,000 ಲೀಟರ್‌ಗೆ ಒಂದು ಲೀಟರ್ ಅಂತಿದ್ದರೆ, ಮೊದಲು ಒಂದು ಲೀಟರ್ ಎಣ್ಣೆಗೆ 0.2 ಮಿ.ಲೀ. ಬೆರೆಸಿ ನೋಡಿ. ಇನ್ಸುಲಿನ್ ಸಿರಿಂಜ್ ಸಾಕು, ಗ್ಲೌಸ್ ಬೇಕೇ ಬೇಕು. ಮತ್ತೆ ಕಾಗದದ ಮೇಲೆ ಹನಿ ಬಿಟ್ಟಾಗ ಕಾಡಿಗೆ ಬೊಟ್ಟು ಮಾಸದಿದ್ದರೆ ಆ ಡಬ್ಬಿ ಕೊಳ್ಳಬೇಡಿ. ಮಾರುವವನ ಮಾತಿಗಿಂತ ಈ ಕಾಗದ ನಂಬಿ. ಹೆಚ್ಚು ಹಾಕಿದರೆ ಹೆಚ್ಚು ಗುಣ ಅನ್ನುವ ಲೆಕ್ಕವೂ ಇಲ್ಲಿ ನಡೆಯುವುದಿಲ್ಲ.

ಟ್ಯಾಂಕರ್ ಖಾಲಿ ಮಾಡುವ ಮೊದಲೇ ಔಷಧಿಯನ್ನು ಟ್ಯಾಂಕಿಗೆ ಸುರಿಯಿರಿ, ಬೀಳುವ ಎಣ್ಣೆಯೇ ಕಲಕಿಕೊಡುತ್ತದೆ. ದಿನಾ ಬೆಳಿಗ್ಗೆ ಪಂಪ್ ಚಾಲೂ ಮಾಡುವ ಮುಂಚೆ ಟ್ಯಾಂಕಿನ ಡ್ರೇನ್ ಕಾಕ್ ತೆಗೆದು ತಳದಲ್ಲಿ ಕೂತ ನೀರನ್ನು ಹೊರಗೆ ಬಿಡಿ.

ಮೊದಲ ಕೆಲವು ವಾರ ಸ್ಟ್ರೈನರ್ ಇನ್ನೂ ಹೆಚ್ಚು ಕಟ್ಟಿಕೊಂಡರೆ ಗಾಬರಿ ಬೇಡ; ಹಳೇ ಗಸಿ ಸಡಿಲಾಗಿ ಬರುತ್ತಿದೆ. ಕಲ್ಲಿನಂತೆ ಕೂತದ್ದನ್ನು ಮಾತ್ರ ಔಷಧಿ ಕರಗಿಸದು, ಟ್ಯಾಂಕ್ ತೊಳೆಸಲೇಬೇಕು. ಗ್ಯಾಸ್ ಪರೀಕ್ಷೆ ಮಾಡದೆ ಯಾರನ್ನೂ ಒಳಗೆ ಇಳಿಸಬೇಡಿ. ಬಂದ ಗಸಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇದ್ದವರಿಗೇ ಕೊಡಿ.

ಒಣಗಿದ ಕಾಗದಗಳಿಗೆ ತಾರೀಖು ಬರೆದು ಲಾಗ್ ಬುಕ್ಕಿಗೆ ಅಂಟಿಸುತ್ತ ಹೋಗಿ. ಮುಂದಿನ ಟ್ಯಾಂಕರ್ ಬಂದಾಗ ಡ್ರೈವರ್ ಪೈಪ್ ಜೋಡಿಸುವ ಮೊದಲು ಆ ಪುಟ ತೆರೆದಿರಲಿ.