ಆಷಾಢದಲ್ಲಿ ಕುದುರಿದ ಸೂಪರ್ಬ್

ನಮ್ಮ ಕಡೆ ಆಷಾಢದಲ್ಲಿ ಯಾರೂ ಗಾಡಿ ತರುವುದಿಲ್ಲ. ಹುಬ್ಬಳ್ಳಿಯ ಗೋಕುಲ ರೋಡಿನ ಶೋರೂಮ್‌ಗಳಲ್ಲಿ ಹುಡುಗರು ಮೊಬೈಲ್ ನೋಡುತ್ತ ಕೂತಿರುತ್ತಾರೆ. ಹಳೇ ಗಾಡಿ ಮಾರುವವರ ಅಂಗಳದಲ್ಲಿ ಮಳೆನೀರು ನಿಂತಿರುತ್ತದೆ, ಅದರ ನಡುವೆ ತೊಳೆದು ಒರೆಸಿಟ್ಟ ಕಾರುಗಳು. 2024ರಲ್ಲಿ ನಾನು ಬೇಕಂತಲೇ ಆ ತಿಂಗಳು ಹಿಡಿದು ಹಳೇ ಕಾರು ಹುಡುಕಿದೆ. ಕೇಶ್ವಾಪುರದಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಗಿರಾಕಿ ಇಲ್ಲದ ತಿಂಗಳಲ್ಲಿ ಮಾರುವವನ ಮನಸ್ಸು ಹೇಗಿರುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕೈಯಲ್ಲಿ 14 ಲಕ್ಷ ಇತ್ತು. ಅಷ್ಟಕ್ಕೆ ಹೊಸದು ಅಂದರೆ ಒಂದು ಸಣ್ಣ ಎಸ್‌ಯುವಿ ಬರುತ್ತದೆ. ಆದರೆ ಅವ್ವನಿಗೆ ಮೊಣಕಾಲು ನೋವು. ಎತ್ತರದ ಗಾಡಿ ಹತ್ತಲು ಆಗುವುದಿಲ್ಲ, ಹಿಂದಿನ ಸೀಟಿನಲ್ಲಿ ಕಾಲು ಚಾಚಬೇಕು. ಕಾಲು ಚಾಚುವ ಜಾಗ ಅಂದರೆ ಸ್ಕೋಡಾ ಸೂಪರ್ಬ್. ಇದು ಮನೆಯವರಿಗೆ ಹೇಳಿದ ಕಾರಣ. ನನಗೂ ಹತ್ತು ವರ್ಷದಿಂದ ಆ ಗಾಡಿಯ ಮೇಲೆ ಕಣ್ಣಿತ್ತು, ಅದು ಬೇರೆ ಮಾತು.

ಮೊದಲು ಕಂಡದ್ದು ಸೂಪರ್ಬ್ ಅಲ್ಲ, 2015ರ ಮರ್ಸಿಡಿಸ್ ಇ ಕ್ಲಾಸ್. ಓಡಿದ್ದು 48,000 ಕಿಲೋಮೀಟರ್ ಮಾತ್ರ. "ಡಾಕ್ಟರ್ ಗಾಡಿ ಸರ, ವಾರಕ್ಕೊಮ್ಮೆ ಅಷ್ಟ ಹೊರಗ ತೆಗೀತಿದ್ರು" ಅಂದ ಮಾರುವ ಹುಡುಗ. ಹುಬ್ಬಳ್ಳಿಯಲ್ಲಿ ಮಾರಾಟಕ್ಕಿರುವ ಗಾಡಿಗಳೆಲ್ಲ ಡಾಕ್ಟರದ್ದೇ ಆಗಿರುತ್ತವೆ, ಗಮನಿಸಿದ್ದೀರಾ? ಸ್ಟೇರಿಂಗ್ ಚರ್ಮ ಹೊಳೆಯುವಷ್ಟು ಸವೆದಿತ್ತು. ಬ್ರೇಕ್ ಪೆಡಲ್ಲಿನ ರಬ್ಬರ್ ಒಂದು ಕಡೆ ನುಣ್ಣಗಾಗಿತ್ತು. ಡ್ರೈವರ್ ಬಾಗಿಲು ತೆಗೆದು ಕಂಬದ ಕೆಳಭಾಗ ನೋಡಿದರೆ, ಆಯಿಲ್ ಬದಲಿಸಿದವರು ಅಂಟಿಸಿದ ಚೀಟಿ ಹಾಗೇ ಇತ್ತು. ಮುಂದಿನ ಸರ್ವಿಸ್ 95,000ಕ್ಕೆ ಅಂತ ಬರೆದಿತ್ತು. ಮೀಟರ್ ತಿರುಗಿಸಿದವರು ಚೀಟಿ ಕೀಳುವುದನ್ನು ಮರೆತಿದ್ದರು. ಹುಡುಗನಿಗೆ ತೋರಿಸಿದೆ. ಅವನು ಅದನ್ನು ನೋಡಿ, "ಚಾ ಕುಡೀತೀರೇನ್ರಿ?" ಅಂದ.

ಅದೇ ಅಂಗಡಿಯಲ್ಲಿ ಇನ್ನೊಂದು ಮಾತು ಬಂತು. ಹೇಳಿದ ಬೆಲೆಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ ಕೊಡಬೇಕಂತೆ. ನಾನೂ ವ್ಯಾಪಾರದವನೇ, ಸುಮ್ನೆ ನಕ್ಕೆ. ಹಳೇ ಕಾರಿನ ವ್ಯಾಪಾರಿಗೆ ಜಿಎಸ್‌ಟಿ ಬೀಳುವುದು ಅವನು ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸದ ಮೇಲೆ, ಪೂರ್ತಿ ಬೆಲೆಯ ಮೇಲಲ್ಲ.

ಆಮೇಲೆ ಗೆಳೆಯನೊಬ್ಬ ದೆಹಲಿಯ ಹುಚ್ಚು ಹಿಡಿಸಿದ. 2015ರ ಬಿಎಂಡಬ್ಲ್ಯು 520ಡಿ, ಒಂಬತ್ತೂವರೆ ಲಕ್ಷ. ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ರಸ್ತೆಗಿಳಿಯುವಂತಿಲ್ಲ ಅಂತ ಹಸಿರು ನ್ಯಾಯಮಂಡಳಿಯ ಆದೇಶವಿತ್ತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದಿತ್ತು. ಹಾಗಾಗಿ ಆಗ ಒಂಬತ್ತನೇ ವರ್ಷಕ್ಕೆ ಬಂದ ಗಾಡಿಯನ್ನು ಸಿಕ್ಕ ಬೆಲೆಗೆ ಕೊಡುತ್ತಿದ್ದರು. ರಾತ್ರಿ ಕೂತು ಲೆಕ್ಕ ಹಾಕಿದೆ. ನಮ್ಮ ರಾಜ್ಯದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಿತಾವಧಿ ತೆರಿಗೆ 18 ಪರ್ಸೆಂಟ್, ಮೇಲೆ ಸೆಸ್. ಹೊರಗಿನಿಂದ ತಂದ ಗಾಡಿಗೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ, ಖರೆ. ಆದರೆ ಆ ಲೆಕ್ಕ ಶುರುವಾಗುವುದು ಗಾಡಿ ಹೊಸದಿದ್ದಾಗಿನ ಬೆಲೆಯಿಂದ, ನಾನು ಕೊಡುವ ಒಂಬತ್ತೂವರೆಯಿಂದ ಅಲ್ಲ. ಹೊಸದಕ್ಕೆ 50 ಲಕ್ಷದ ಹತ್ತಿರ ಇದ್ದ ಗಾಡಿ ಅದು. ತೆರಿಗೆ, ಎನ್‌ಒಸಿ, ಸಾಗಣೆ ಎಲ್ಲ ಕೂಡಿಸಿದಾಗ ಅಗ್ಗ ಅನ್ನುವುದು ಕರಗಿ ಹೋಯಿತು. ಅಂದಿನಿಂದ ಕೆಎ ನಂಬರ್ ಬಿಟ್ಟು ಬೇರೆ ನೋಡಲಿಲ್ಲ.

ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಇನ್ನೊಂದು ಕೆಲಸ. ಧಾರವಾಡದ ಗೆಳೆಯನ ಹತ್ತಿರ 2016ರ ಸೂಪರ್ಬ್ ಇದೆ. ಅವನನ್ನು ಕರೆದುಕೊಂಡು ಒಂದು ಹೊಸ ಎಸ್‌ಯುವಿ ಶೋರೂಮಿಗೆ ಹೋದೆ. ಅವನೇನೂ ಮಾರುವವನಲ್ಲ. ಎಕ್ಸ್‌ಚೇಂಜ್‌ಗೆ ಎಷ್ಟು ಕೊಡುತ್ತೀರಿ ಅಂತ ಕೇಳಿದೆವು. ಗಾಡಿ ಸುತ್ತ ಒಂದು ಸುತ್ತು ಹಾಕಿ, 10 ಲಕ್ಷದ 75 ಸಾವಿರ ಅಂದರು. ಜಾಹೀರಾತುಗಳಲ್ಲಿ ಅದೇ ಗಾಡಿ 14, 15, 16 ಲಕ್ಷಕ್ಕೆ ಮಾತಾಡುತ್ತಿತ್ತು. ಅಂದರೆ ಮಾರುವವನು ಬಾಯಲ್ಲಿ ಹೇಳುವುದು 15, ಅವನ ಕಾಲ ಕೆಳಗಿನ ನೆಲ ಇರುವುದು 11ರ ಸುತ್ತ. ಇದು ಗೊತ್ತಿಲ್ಲದೆ ಚೌಕಾಶಿಗೆ ಕೂತರೆ 15ರಿಂದ 50 ಸಾವಿರ ಇಳಿಸಿ ಗೆದ್ದೆ ಅಂದುಕೊಂಡು ಬರುತ್ತಿದ್ದೆ. ಆರು ವಾರ ಜಾಹೀರಾತು ನೋಡಿದೆ. ಕೆಲವು ಗಾಡಿ ಅದೇ ಫೋಟೊ, ಅದೇ ಬೆಲೆ, ಹಾಗೇ ಕೂತಿದ್ದವು. ಕೂತಿರುವ ಗಾಡಿಯ ಬೆಲೆ ಬೆಲೆಯಲ್ಲ, ಆಸೆ.

ಕೊನೆಗೆ ಸಿಕ್ಕಿದ್ದು ಬ್ಯಾಡಗಿಯಲ್ಲಿ. ಮೆಣಸಿನಕಾಯಿ ವ್ಯಾಪಾರಿಯ ಗಾಡಿ, ಕೆಎ 27, 2017ರ ಸೂಪರ್ಬ್, ಎಲ್ಲಕ್ಕಿಂತ ಮೇಲಿನ ಎಲ್ ಅಂಡ್ ಕೆ ಮಾದರಿ, 2.0 ಟಿಡಿಐ ಡೀಸೆಲ್, 92,000 ಓಡಿತ್ತು. ಪೆಟ್ರೋಲ್ ಆಟೊಮ್ಯಾಟಿಕ್ ಬೇಡ ಅಂತ ನಮ್ಮ ಮಿಸ್ತ್ರಿ ಕಾಕಾ ಮೊದಲೇ ಹೇಳಿದ್ದರು. ಪೆಟ್ರೋಲಿನ ಆ 1.8 ಎಂಜಿನ್ ಮ್ಯಾನ್ಯುಯಲ್ ಗಿಯರಿನಲ್ಲಿ 320 ಎನ್‌ಎಂ (ಎಂಜಿನ್ನಿನ ಎಳೆತದ ಅಳತೆ) ಎಳೆಯುತ್ತದೆ, ಆಟೊಮ್ಯಾಟಿಕ್‌ನಲ್ಲಿ 250ಕ್ಕೆ ಇಳಿಸಿದ್ದಾರೆ. ಒಣ ಕ್ಲಚ್ಚಿನ 7 ಗಿಯರಿನ ಆ ಬಾಕ್ಸ್ ತಡೆಯುವುದೇ ಅಷ್ಟು. ಡೀಸೆಲ್ಲಿಗೆ ಎಣ್ಣೆಯಲ್ಲಿ ಓಡುವ ಕ್ಲಚ್ಚಿನ 6 ಗಿಯರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಬಾಕ್ಸ್. ಅದು ಗಟ್ಟಿ, ಆದರೆ 60,000 ಕಿಲೋಮೀಟರಿಗೊಮ್ಮೆ ಗಿಯರ್ ಆಯಿಲ್ ಬದಲಿಸಲೇಬೇಕು.

ಹೋಗುವ ಮೊದಲು ಮೂರು ಕಾಗದ ವಾಟ್ಸಾಪಿನಲ್ಲಿ ತರಿಸಿಕೊಂಡೆ: ಆರ್‌ಸಿ, ಇನ್ಶೂರೆನ್ಸ್, ಸರ್ವಿಸ್ ಬಿಲ್ಲುಗಳು. ಇನ್ಶೂರೆನ್ಸ್ ಪಾಲಿಸಿಯಲ್ಲಿ ಎನ್‌ಸಿಬಿ, ಅಂದರೆ ಕ್ಲೇಮು ಮಾಡದವರಿಗೆ ಪ್ರೀಮಿಯಮ್ಮಿನಲ್ಲಿ ಕೊಡುವ ರಿಯಾಯಿತಿ, 20 ಪರ್ಸೆಂಟ್ ಅಂತಿತ್ತು. ಇದು ಪುಟ್ಟ ಅಂಕಿ, ಬಹಳ ಮಾತಾಡುತ್ತದೆ. ಕ್ಲೇಮು ಮಾಡದೆ ವರ್ಷ ಕಳೆದಂತೆ ಎನ್‌ಸಿಬಿ 20, 25, 35, 45, 50 ಅಂತ ಏರುತ್ತದೆ. ಒಮ್ಮೆ ಕ್ಲೇಮು ಮಾಡಿದರೆ ಮತ್ತೆ ಸೊನ್ನೆ. ಏಳು ವರ್ಷದ ಗಾಡಿಗೆ 50 ಇರಬೇಕಿತ್ತು. 20 ಇದೆ ಅಂದರೆ ಅದರ ಹಿಂದಿನ ಪಾಲಿಸಿಯ ಮೊದಲು ಏನೋ ಆಗಿದೆ. ಫೋನಿನಲ್ಲೇ ಕೇಳಿದೆ.

"ಸಾಹುಕಾರ್ರ, ಎರಡು ವರ್ಷದ ಹಿಂದ ಏನ್ ಬಡದಿತ್ರಿ?"

ಆ ಕಡೆ ಒಂದು ಕ್ಷಣ ಮೌನ. "ನಿಮಗ್ಯಾರು ಹೇಳಿದ್ರು?" ಆಮೇಲೆ ಅವರೇ ಹೇಳಿದರು. ಹಾವೇರಿ ಹತ್ತಿರ ರಾತ್ರಿ ಎಮ್ಮೆ ಅಡ್ಡ ಬಂದು ಬಂಪರ್, ಒಂದು ಹೆಡ್‌ಲೈಟ್, ಬಾನೆಟ್ ಹೋಗಿದ್ದವು. ಆ ಬಿಲ್ಲನ್ನೂ ಕಳಿಸಿದರು. ಚಾಸಿಗೆ ಪೆಟ್ಟಿಲ್ಲ. ಮುಚ್ಚಿಟ್ಟಿದ್ದರೆ ಅಲ್ಲಿಗೇ ಬಿಡುತ್ತಿದ್ದೆ.

ಕಾಕಾನನ್ನು ಕೂಡಿಸಿಕೊಂಡು ಬೆಳಗಿನ ಐದಕ್ಕೇ ಹೊರಟೆ. ಮೋಟೆಬೆನ್ನೂರಿನಲ್ಲಿ ಹೈವೇ ಬಿಟ್ಟು ಒಳಗೆ ತಿರುಗಿದೆವು. ಬೇಗ ಹೋದದ್ದು ಎಂಜಿನ್ ತಣ್ಣಗಿರುವಾಗ ಶುರು ಮಾಡಿ ನೋಡಬೇಕು ಅಂತ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಟ್ಟೆ, ತಣ್ಣಗಿತ್ತು. ಹಿಂದಿನ ದಿನವೇ ಹೇಳಿದ್ದೆ, ಗಾಡಿ ಮುಟ್ಟಬೇಡಿ ಅಂತ. ಕೆಲವರು ಬಿಸಿ ಮಾಡಿ ಇಟ್ಟಿರುತ್ತಾರೆ, ಬಿಸಿಯಿದ್ದಾಗ ಎಲ್ಲ ಎಂಜಿನ್ನೂ ಸಾಧು.

ಕಾಕಾ ಒಂದು ತಾಸು ಮಾತಾಡಲಿಲ್ಲ. ಬಂಪರಿನ ಬೋಲ್ಟು, ಬಾಗಿಲಿನ ರಬ್ಬರ್ ಕೆಳಗಿನ ವೆಲ್ಡಿಂಗ್, ಡಿಕ್ಕಿಯ ಕಾರ್ಪೆಟ್ ಎತ್ತಿ ಸ್ಟೆಪ್ನಿ ಗುಂಡಿ, ಎಲ್ಲ ನೋಡಿದರು. ಟಾಯರಿನ ಬದಿಯಲ್ಲಿ 2218 ಅಂತ ಇತ್ತು, 2018ರ 22ನೇ ವಾರದಲ್ಲಿ ತಯಾರಾದದ್ದು ಅಂತ ಅರ್ಥ. ಟಾಯರಿನ ಗೆರೆಗಳ ಆಳ ಚೆನ್ನಾಗಿತ್ತು, ಆದರೆ ಆರು ವರ್ಷದ ರಬ್ಬರ್ ಕಲ್ಲಾಗಿತ್ತು. ಆಮೇಲೆ ಡ್ಯಾಶ್‌ಬೋರ್ಡ್ ಕೆಳಗೆ ಕೈ ಹಾಕಿ ಎಸಿ ಫಿಲ್ಟರ್ ಎಳೆದರು. ಕೆಂಪು ಪುಡಿ ಸುರಿಯಿತು. ಮೂವರೂ ಸೀನಿದೆವು. "ಏನ್ ಮಾಡೂದ್ರಿ, ನಮ್ಮೂರ ಗಾಳಿನ ಹಂಗ" ಅಂದರು ಸಾಹುಕಾರರು ಮೂಗು ಒರೆಸಿಕೊಳ್ಳುತ್ತ.

ಸರ್ವಿಸ್ ಬಿಲ್ಲುಗಳನ್ನು ನಾನು ರಾತ್ರಿಯೇ ಓದಿದ್ದೆ. 58,000ಕ್ಕೆ ಒಂದು, 73,000ಕ್ಕೆ ಒಂದು. ಎಂಜಿನ್ ಆಯಿಲ್ ಇದೆ, ಫಿಲ್ಟರ್ ಇದೆ. ಗಿಯರ್ ಆಯಿಲ್ ಎಲ್ಲೂ ಇಲ್ಲ. ಟೈಮಿಂಗ್ ಬೆಲ್ಟೂ ಇಲ್ಲ. ಓಡಿಸಿ ನೋಡಿದಾಗ ಒಂದರಿಂದ ಎರಡಕ್ಕೆ ಹೋಗುವಾಗ ಸಣ್ಣ ಜಗ್ಗು ಇತ್ತು. ಕಾಕಾ ಗಾಡಿ ನಿಲ್ಲಿಸಿ, "ಹೆದರೂದೇನಿಲ್ಲ, ಎಣ್ಣಿ ಬೇಡಾಕತ್ತೈತಿ" ಅಂದರು.

ಮಾಡಿಸಬೇಕಾದ ಕೆಲಸದ ಖರ್ಚನ್ನು ಅಂಗಡಿ ಚೀಟಿಯ ಹಿಂದೆ ಬರೆದೆ. ಗಿಯರ್ ಆಯಿಲ್ 18 ಸಾವಿರ. ಟೈಮಿಂಗ್ ಬೆಲ್ಟ್, ವಾಟರ್ ಪಂಪ್ ಕೂಡಿ 38. ನಾಲ್ಕು ಟಾಯರ್ 54. ಮುಂದಿನ ಬ್ರೇಕ್ ಡಿಸ್ಕು, ಪ್ಯಾಡು 24. ಒಟ್ಟು 1,34,000. ಚೀಟಿಯನ್ನು ಸಾಹುಕಾರರ ಕೈಗೆ ಕೊಟ್ಟೆ. ಗಾಡಿ ಚೆನ್ನಾಗಿಲ್ಲ ಅಂತ ಒಂದು ಮಾತೂ ಆಡಲಿಲ್ಲ. ಮಾರುವವನ ಎದುರು ಅವನ ಗಾಡಿಯನ್ನು ಬೈದರೆ ಅವನಿಗೆ ಸಿಟ್ಟು ಬರುತ್ತದೆ, ಬೆಲೆ ಇಳಿಯುವುದಿಲ್ಲ. ನನ್ನ ಅಂಗಡಿಯಲ್ಲಿ ದಿನಾ ನೋಡುತ್ತೇನೆ.

ಅವರು ಕೇಳಿದ್ದು 15 ಲಕ್ಷದ 50 ಸಾವಿರ. ಅವರ ವಾದವೂ ಸುಳ್ಳಲ್ಲ. "ಹೊಸ ಸೂಪರ್ಬ್ ಎಷ್ಟೈತಿ ಗೊತ್ತೇನ್ರಿ? 54 ಲಕ್ಷ!" ಅಂದರು. ಹೌದು, ಆ ವರ್ಷ ಏಪ್ರಿಲ್‌ನಲ್ಲಿ ಹೊರದೇಶದಿಂದ ಪೂರ್ತಿ ತಯಾರಾಗಿ ಬಂದ 100 ಗಾಡಿಗಳಿಗೆ ಅದೇ ಬೆಲೆ ಇಟ್ಟಿದ್ದರು. "ಅದು ಪೆಟ್ರೋಲ್ ಅಲ್ರಿ. ಡೀಸೆಲ್ ಸೂಪರ್ಬ್ 2020ಕ್ಕ ಮುಗೀತು. ನಾಳೆ ಸ್ಪೇರ್ ಪಾರ್ಟ್ಸಿಗೆ ನಾ ಎಲ್ಲಿ ಅಡ್ಡಾಡ್ಲಿ?" ಅಂದೆ. ನಾನು 12 ಅಂದೆ. ಅವರು ನಕ್ಕು 14 ಅಂದರು. ಅಷ್ಟಕ್ಕೆ ಚಾ ಬಂತು. ಚಾ ಕುಡಿಯುತ್ತ ಅವರ ಹೊಸ ಗಾಡಿ ಯಾವಾಗ ಅಂತ ಸುಮ್ನೆ ಕೇಳಿದೆ. ಶ್ರಾವಣದ ಮೊದಲ ವಾರ ಡೆಲಿವರಿಯಂತೆ, ಅಂಗಳದಲ್ಲಿ ಎರಡು ದೊಡ್ಡ ಗಾಡಿ ನಿಲ್ಲುವುದಿಲ್ಲವಂತೆ. ಎಕ್ಸ್‌ಚೇಂಜ್‌ಗೆ ಎಷ್ಟು ಹೇಳಿದರು ಅಂತ ಮಾತ್ರ ಕೇಳಲಿಲ್ಲ. ನನಗೆ ಹೆಚ್ಚೂಕಮ್ಮಿ ಗೊತ್ತಿತ್ತು. ನಂಬರ್ ಕೊಟ್ಟು ಎದ್ದು ಬಂದೆ.

ಹನ್ನೊಂದು ದಿನ ಫೋನ್ ಬರಲಿಲ್ಲ. ನಾನೂ ಮಾಡಲಿಲ್ಲ. ಇದು ಎಲ್ಲಕ್ಕಿಂತ ಕಷ್ಟದ ಕೆಲಸ, ಒಪ್ಪಿಕೊಳ್ಳುತ್ತೇನೆ. ಎರಡು ಸಲ ಫೋನ್ ಕೈಗೆ ತೆಗೆದುಕೊಂಡಾಗ ಹೆಂಡತಿಯೇ ಕಸಿದಿಟ್ಟಳು. ನಾಗರ ಅಮಾವಾಸ್ಯೆ ನಾಲ್ಕು ದಿನ ಇದೆ ಅನ್ನುವಾಗ ಅವರೇ ಮಾಡಿದರು. "ಏನ್ರಿ ಸರ, ನಿಮ್ಮ ಮಾತೂ ಬ್ಯಾಡ, ನನ್ನ ಮಾತೂ ಬ್ಯಾಡ." ಮಧ್ಯದಲ್ಲಿ 13 ಆಗಬೇಕಿತ್ತು. ಟಾಯರ್ ಚೀಟಿ ಮತ್ತೆ ನೆನಪಿಸಿದೆ. 12,85,000ಕ್ಕೆ ಮುಗಿಯಿತು. ಸಂಚಕಾರ 25 ಸಾವಿರ ಆಗಲೇ ಕಳಿಸಿದೆ.

ಐದು ಲಕ್ಷ ನಗದು ಕೊಡಿ ಅಂದರು. ಆಗುವುದಿಲ್ಲ ಅಂದೆ. 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಂಡರೆ ದಂಡ ಬೀಳುವುದು ಅವರಿಗೇ, ಆದಾಯ ತೆರಿಗೆ ಕಾಯ್ದೆ ಹಾಗಿದೆ. ಆಗಸ್ಟ್ 2, ಶುಕ್ರವಾರ, ಉಳಿದದ್ದನ್ನೆಲ್ಲ ಆರ್‌ಟಿಜಿಎಸ್ ಮಾಡಿದೆ. ಅದಕ್ಕೂ ಮೊದಲು ಎಂ ಪರಿವಾಹನ್ ಆ್ಯಪಿನಲ್ಲಿ ನೋಡಿದಾಗ ಬ್ಯಾಂಕಿನ ಸಾಲದ ನಮೂದು ಇನ್ನೂ ಹಾಗೇ ಇತ್ತು. ಸಾಲ 2021ರಲ್ಲೇ ತೀರಿತ್ತು, ತೆಗೆಸಿರಲಿಲ್ಲ ಅಷ್ಟೇ. ಬ್ಯಾಂಕಿನಿಂದ ಹೊಸ ಎನ್‌ಒಸಿ, ಸಾಲದ ನಮೂದು ತೆಗೆಸುವ ಫಾರ್ಮ್ 35 ಕೈಗೆ ಬರುವ ತನಕ ದುಡ್ಡು ಹಾಕಲಿಲ್ಲ. ಮಾಲೀಕರ ಹೆಸರು ಬದಲಿಸುವ ಫಾರ್ಮ್ 29, 30ಕ್ಕೆ ಸಹಿ, ಗಾಡಿ ಕೊಟ್ಟ ತಾರೀಖು ಮತ್ತು ತಾಸು ಬರೆದ ಒಂದು ಕಾಗದಕ್ಕೆ ಇಬ್ಬರ ಸಹಿ. ಮಧ್ಯಾಹ್ನ ಎರಡೂವರೆಯ ಮುಂಚಿನ ಚಲನ್ ಅವರದ್ದು, ಆಮೇಲಿನದ್ದು ನನ್ನದು. ಒಂದೇ ರಾಜ್ಯವಾದ್ದರಿಂದ ತೆರಿಗೆ ಬೀಳಲಿಲ್ಲ, ನಂಬರೂ ಬದಲಾಗಲಿಲ್ಲ. ಇನ್ಶೂರೆನ್ಸ್ 14 ದಿನದೊಳಗೆ ನನ್ನ ಹೆಸರಿಗೆ ಮಾಡಿಸಿದೆ. ಅವರ ಎನ್‌ಸಿಬಿ ಅವರ ಜೊತೆಗೇ ಹೋಗುತ್ತದೆ, ಹಾಗಾಗಿ ಆ ವ್ಯತ್ಯಾಸ ನಾನೇ ಕಟ್ಟಬೇಕಾಯಿತು. ಇದನ್ನು ಮೊದಲೇ ಚೀಟಿಯಲ್ಲಿ ಬರೆಯಬೇಕಿತ್ತು.

ಬರೆಯಬೇಕಿದ್ದ ಇನ್ನೊಂದು, ಎರಡನೇ ಕೀಲಿ. "ಮನ್ಯಾಗ ಎಲ್ಲೋ ಐತಿ, ಹುಡುಕಿ ಕಳಸ್ತೀನಿ" ಅಂದರು. ನಂಬಿದೆ. ಬರಲಿಲ್ಲ. ಹೊಸ ಕೀಲಿ ಮಾಡಿಸಿ ಗಾಡಿಗೆ ಹೊಂದಿಸಲು 26 ಸಾವಿರ ಹೋಯಿತು. ಅಷ್ಟು ಚೌಕಾಶಿ ಮಾಡಿದವನು ಒಂದು ಕೀಲಿಗೆ ಸೋತೆ.

ಅವ್ವ ಮಾತ್ರ ಆಷಾಢದಲ್ಲಿ ಗಾಡಿ ಮನೆ ಮುಂದೆ ನಿಲ್ಲಕೂಡದು ಅಂದಿದ್ದಳು. ಹಾಗಾಗಿ ಬ್ಯಾಡಗಿಯಿಂದ ನೇರ ಕಾಕಾನ ಗ್ಯಾರೇಜಿಗೆ ಹೋಯಿತು. ಶನಿವಾರ, ಭಾನುವಾರ ಬೆಲ್ಟು, ಗಿಯರ್ ಆಯಿಲ್, ಬ್ರೇಕ್ ಎಲ್ಲ ಆಯಿತು. ಎಸಿ ಫಿಲ್ಟರೂ ಹೊಸದು ಹಾಕಿದರು. ಆಗಸ್ಟ್ 5, ಶ್ರಾವಣದ ಮೊದಲ ಸೋಮವಾರ, ಸಿದ್ಧಾರೂಢ ಮಠದ ಮುಂದೆ ಕಾಯಿ ಒಡೆಸಿ ಮನೆಗೆ ತಂದೆ. ಅವ್ವ ಹಿಂದೆ ಕೂತು ಕಾಲು ಚಾಚಿದಳು. ಎಸಿ ಹಾಕು ಅಂದಳು. ಹಾಕಿದೆ. ಎರಡು ನಿಮಿಷ ಸುಮ್ಮನಿದ್ದು, ಜೋರಾಗಿ ಒಂದು ಸೀನು ಸೀನಿ, "ಯಾರ ಮನ್ಯಾಗೋ ಒಗ್ಗರಣಿ ಹಾಕಾಕತ್ತಾರ ನೋಡು" ಅಂದಳು.