ಮಲೆನಾಡಿನ ಮಳೆಯಲ್ಲಿ ಹಳೆಯ ಹಕ್ಕಿಪುಸ್ತಕಗಳು: ನನ್ನ ಅನುಭವ

ತೀರ್ಥಹಳ್ಳಿ ಸಮೀಪದ ನಮ್ಮ ಅಡಿಕೆ ತೋಟದಲ್ಲಿ ತರಗೆಲೆಗಳ ನಡುವೆ ಕಾಳು ಹೆಕ್ಕುತ್ತ ಓಡಾಡುವ, ಹಸಿರು ರೆಕ್ಕೆಯ ಬೆಳವವೇ ನನ್ನನ್ನು ಹಳೆಯ ಸಚಿತ್ರ ಪುಸ್ತಕಗಳ ಕಡೆಗೆ ಎಳೆದದ್ದು. ಪಕ್ಷಿತಜ್ಞ ಸ್ಟುವರ್ಟ್ ಬೇಕರ್ 1913ರಲ್ಲಿ ಪ್ರಕಟಿಸಿದ ‘ಇಂಡಿಯನ್ ಪಿಜನ್ಸ್ ಅಂಡ್ ಡವ್ಸ್’ ಒಬ್ಬ ವ್ಯಾಪಾರಿಯ ಬಳಿ ಇದೆಯೆಂದು ತಿಳಿದಾಗ, ಆ ವರ್ಷ ಅಡಿಕೆ ಮಾರಿ ಬಂದ ಹಣದಲ್ಲಿ ಒಂದು ಪಾಲನ್ನು ಕೊಟ್ಟು ತರಿಸಿಕೊಂಡೆ. ರಟ್ಟು ಮತ್ತು ಹೊಲಿಗೆ ಗಟ್ಟಿಯಾಗಿದ್ದವು. ಆದರೆ 27 ವರ್ಣಚಿತ್ರಗಳ ಪ್ಲೇಟುಗಳು, ಅಂದರೆ ಬೇರೆಯಾಗಿ ಅಚ್ಚು ಹಾಕಿ ಸೇರಿಸಿದ ಚಿತ್ರದ ಹಾಳೆಗಳು, ಇರಬೇಕಾದಲ್ಲಿ 25 ಮಾತ್ರ ಇದ್ದವು. ಉಳಿದೆರಡರ ಜಾಗದಲ್ಲಿ, ಹರಿತವಾದ ಅಲಗಿನಿಂದ ಕೊಯ್ದ ಕಾಗದದ ಅಂಚುಗಳು ಹೊಲಿಗೆಗೆ ಅಂಟಿಕೊಂಡಿದ್ದವು. ಚೌಕಟ್ಟು ಹಾಕಿಸಿ ಮಾರುವುದಕ್ಕಾಗಿ ಹೀಗೆ ಚಿತ್ರಗಳನ್ನು ಕೀಳುವವರಿದ್ದಾರೆಂಬುದು ನನಗೆ ಅಂದೇ ಗೊತ್ತಾಯಿತು.

ಆಮೇಲೆ ನಾನು ಎಣಿಸದೆ ಯಾವ ಪುಸ್ತಕವನ್ನೂ ಕೊಂಡಿಲ್ಲ. ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯ ಅಂತರ್ಜಾಲ ಸಂಗ್ರಹದಲ್ಲಿ ಇಂಥ ಅನೇಕ ಕೃತಿಗಳ ಪುಟಪುಟದ ಪ್ರತಿಗಳು ಉಚಿತವಾಗಿ ಸಿಗುವುದರಿಂದ, ಮಾರುವವರಿಂದ ಪ್ರತಿಯೊಂದು ಪ್ಲೇಟಿನ ಛಾಯಾಚಿತ್ರವನ್ನು ತರಿಸಿಕೊಂಡು ಅದರೊಡನೆ ತಾಳೆ ನೋಡುತ್ತೇನೆ. ಕೃತಿಯ ಹೆಸರಿನಲ್ಲೇ ಎಡವುವವರೂ ಇದ್ದಾರೆ. ಬ್ರಿಟಿಷ್ ವೈದ್ಯ, ಪಕ್ಷಿತಜ್ಞ ಜೆರ್ಡಾನ್ 1862ರಿಂದ 1864ರವರೆಗೆ ಹೊರತಂದ ‘ದಿ ಬರ್ಡ್ಸ್ ಆಫ್ ಇಂಡಿಯಾ’ದಲ್ಲಿ ವರ್ಣಚಿತ್ರಗಳಿಲ್ಲ, 50 ಚಿತ್ರಗಳಿರುವುದು ಅದಕ್ಕೂ ಮೊದಲು, 1843 ಮತ್ತು 1847ರ ನಡುವೆ ಮದರಾಸಿನಿಂದ ಕಂತುಗಳಲ್ಲಿ ಬಂದ ‘ಇಲ್ಲಸ್ಟ್ರೇಷನ್ಸ್ ಆಫ್ ಇಂಡಿಯನ್ ಆರ್ನಿಥಾಲಜಿ’ಯಲ್ಲಿ. ಅವುಗಳ ಮೂಲಚಿತ್ರಗಳಲ್ಲಿ ಬಹುಪಾಲನ್ನು ಬರೆದವರು ನಮ್ಮ ದೇಶದ ಕಲಾವಿದರು. ಆ ಪುಸ್ತಕ ನನ್ನ ಕೈಗೆಟುಕುವ ಬೆಲೆಯದಲ್ಲವಾದರೂ, ನನ್ನ ಮಟ್ಟಿಗೆ ಇಂಗ್ಲಿಷ್ ಪಕ್ಷಿತಜ್ಞ ಜಾನ್ ಗೌಲ್ಡರ ಭವ್ಯ ಚಿತ್ರಸಂಪುಟಗಳಿಗಿಂತ ಅದರ ತೂಕವೇ ಹೆಚ್ಚು.

ಚಿತ್ರ ಹೇಗೆ ಅಚ್ಚಾಗಿದೆಯೆಂಬುದನ್ನು ಭೂತಗನ್ನಡಿ ಹೇಳುತ್ತದೆ. ಕಲ್ಲಚ್ಚಿನ (ಕಲ್ಲಿನ ಮೇಲೆ ಬರೆದ ಚಿತ್ರದಿಂದ ತೆಗೆದ ಅಚ್ಚಿನ) ಮೇಲೆ ಕೈಯಿಂದ ಬಣ್ಣ ತುಂಬಿದ್ದರೆ ಬಣ್ಣ ಅಲ್ಲಲ್ಲಿ ಗೆರೆಯನ್ನು ದಾಟಿರುತ್ತದೆ, ಕುಂಚದ ಜಾಡು ಕಾಣುತ್ತದೆ. ಹ್ಯೂಮ್ ಮತ್ತು ಮಾರ್ಷಲ್ ಅವರ 1879–81ರ, ಜನ ಬೇಟೆಯಾಡುವ ಹಕ್ಕಿಗಳ ಕುರಿತ ಮೂರು ಸಂಪುಟಗಳಲ್ಲಿರುವಂತೆ ಬಣ್ಣವೂ ಕಲ್ಲಿನಿಂದಲೇ ಬಂದಿದ್ದರೆ, ಒಂದರ ಮೇಲೊಂದು ಬಿದ್ದ ಬಣ್ಣಗಳ ಒರಟು ಕಣಗಳು ಕಾಣುತ್ತವೆ. ಸಮಾನ ಅಂತರದ ಚುಕ್ಕೆಗಳು ಸಾಲುಸಾಲಾಗಿ ಕಂಡರೆ ಅದು ಹೊಸ ಕಾಲದ ಮರುಮುದ್ರಣವಾಗಿರುವ ಸಾಧ್ಯತೆ ಹೆಚ್ಚು. ಕೈಬಣ್ಣದ ಚಿತ್ರದಲ್ಲಿ ಬಿಳಿ ಗರಿಗಳು ಬೂದುಗಪ್ಪಾಗಿದ್ದರೆ ಅದು ಕೊಳೆಯಲ್ಲದೆಯೂ ಇರಬಹುದು. ಸೀಸದ ಬಿಳಿ ಬಣ್ಣ ಗಾಳಿಯಲ್ಲಿನ ಗಂಧಕದ ಅಂಶದೊಡನೆ ಸೇರಿ ಹಾಗೆ ಕಪ್ಪಾಗುತ್ತದೆ. ಅದನ್ನು ಎಂದಿಗೂ ಒರೆಸಬಾರದು.

ಕೊಳ್ಳುವುದಕ್ಕಿಂತ ಕಾಪಾಡುವುದೇ ಇಲ್ಲಿ ಕಷ್ಟ. ಆಗುಂಬೆಯ ಕಡೆಯಿಂದ ಮಳೆ ಹಿಡಿದರೆ ವಾರಗಟ್ಟಲೆ ಬಟ್ಟೆಯೇ ಒಣಗದ ಊರಿನಲ್ಲಿ ಕಾಗದದ ಪಾಡೇನು? ಮೊದಲ ಮಳೆಗಾಲದಲ್ಲಿ ಪುಸ್ತಕಗಳನ್ನು ಹೊರಗೋಡೆಗೆ ಒತ್ತಿದ ಕಪಾಟಿನಲ್ಲಿಟ್ಟಿದ್ದೆ. ಶ್ರಾವಣ ಮುಗಿಯುವುದರೊಳಗೆ ಎರಡು ರಟ್ಟುಗಳ ಮೇಲೆ ಬೂಷ್ಟು ಹಿಡಿದಿತ್ತು. ಈಗ ಕಪಾಟು ನಡುಮನೆಯ ಒಳಗೋಡೆಯ ಕಡೆಗಿದೆ, ಹಿಂದೆ ಗಾಳಿಯಾಡಲು ಒಂದು ಗೇಣು ಜಾಗವಿದೆ. ಒಳಗಿನ ತೇವಮಾಪಕ ನೂರಕ್ಕೆ 65 ದಾಟಿದರೆ ಬೂಷ್ಟಿಗೆ ದಾರಿಯಾಗುವುದರಿಂದ, ಜೂನ್‌ನಿಂದ ಅಕ್ಟೋಬರ್‌ವರೆಗೆ ತೇವ ಹೀರುವ ಯಂತ್ರವನ್ನು ನಡೆಸುತ್ತೇನೆ. ಕರೆಂಟು ಹೋದ ದಿನಗಳಿಗಾಗಿ ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ಚೀಲಗಳಿವೆ. ನಮ್ಮಜ್ಜಿ ರೇಷ್ಮೆ ಸೀರೆಗಳ ಪೆಟ್ಟಿಗೆಯಲ್ಲಿ ಇಡುತ್ತಿದ್ದ ಬಜೆಯ ತುಂಡುಗಳನ್ನು ನಾನೂ ಬಟ್ಟೆಯಲ್ಲಿ ಕಟ್ಟಿ ಕಪಾಟಿನ ಮೂಲೆಯಲ್ಲಿಡುತ್ತೇನೆ, ಆದರೆ ಕಲೆಯಾದೀತೆಂದು ಪುಟಗಳ ನಡುವೆ ಇಡುವುದಿಲ್ಲ. ಬಣ್ಣ ಮಾಸುವುದರಿಂದ ಪುಸ್ತಕವನ್ನು ಬಿಸಿಲಿಗೂ ಹಾಕುವುದಿಲ್ಲ. ಚಿತ್ರದ ಮೇಲೆ ಹೊದಿಸಿದ ಹಳೆಯ ತೆಳುಕಾಗದ ಕಂದಾಗಿದ್ದರೆ, ಅದರ ಮತ್ತು ಚಿತ್ರದ ನಡುವೆ ಆಮ್ಲರಹಿತ ಕಾಗದವೊಂದನ್ನು ಸೇರಿಸುತ್ತೇನೆ. ಹಳೆಯದೂ ಪುಸ್ತಕದ ಭಾಗವೇ ಆದ್ದರಿಂದ ಅದನ್ನು ಎಸೆಯುವುದಿಲ್ಲ.

ಕಳೆದ ವರ್ಷ ಬೇರೊಬ್ಬ ವ್ಯಾಪಾರಿ, ನನ್ನ ಪುಸ್ತಕದಲ್ಲಿಲ್ಲದ ಆ ಎರಡು ಪ್ಲೇಟುಗಳನ್ನು ಬಿಡಿಯಾಗಿ ಕೊಡುವುದಾಗಿ ತಿಳಿಸಿದರು. ಅವು ಎಲ್ಲಿಂದ ಬಂದವೆಂದು ವಿಚಾರಿಸಿದಾಗ, ಇನ್ನೊಂದು ಪೂರ್ಣ ಪ್ರತಿಯನ್ನು ಬಿಚ್ಚಿ ಮಾರುತ್ತಿರುವುದಾಗಿ ಮುಚ್ಚುಮರೆಯಿಲ್ಲದೆ ಹೇಳಿದರು. ಎರಡು ದಿನ ನಿದ್ದೆಗೆಟ್ಟು ಯೋಚಿಸಿ, ಬೇಡವೆಂದೆ. ಯಾವ ಎರಡು ಚಿತ್ರಗಳಿಲ್ಲವೆಂಬುದನ್ನು ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು, ದಿನಾಂಕ ಹಾಕಿ, ರಟ್ಟಿನ ಒಳಬದಿಗೆ ಸೇರಿಸಿಟ್ಟಿದ್ದೇನೆ.