ಅಪರಾಧ ಕಥೆಗೆ ಅಭಿಪ್ರಾಯ ಬರೆಯುವ ಮುನ್ನ

ನಮ್ಮ ಮಡಿಕೇರಿಯ ಓದುಗರ ಬಳಗದಲ್ಲಿ ದಾಂಪತ್ಯದ್ರೋಹದ ಕಿರು ಅಪರಾಧ ಕಥೆಗಳಿಗೆ ‘ಚೆನ್ನಾಗಿದೆ’ ಅಥವಾ ‘ಹೆಂಡತಿಯದೇ ತಪ್ಪು’ ಎಂಬ ಎರಡೇ ಬಗೆಯ ಅಭಿಪ್ರಾಯಗಳು ಬರುತ್ತಿದ್ದು, ಅವುಗಳಿಂದ ಬರೆದವರಿಗೆ ಏನೂ ದಕ್ಕುವುದಿಲ್ಲ. ಕೊಲೆಗಾರ ಯಾರೆಂಬ ಅನುಮಾನ ನಿಮಗೆ ಯಾವ ಸಾಲಿನಲ್ಲಿ ಹುಟ್ಟಿತೆಂಬುದನ್ನು ದಯವಿಟ್ಟು ಗುರುತಿಸಿ ತಿಳಿಸಿ. ಲೇಖಕರಿಗೆ ಅದು ತಾವಾಗಿಯೇ ಕಾಣುವುದು ಕಷ್ಟ.

ಕಾನೂನಿನ ವಿವರಗಳನ್ನೂ ಪರಿಶೀಲಿಸಿ. ವ್ಯಭಿಚಾರವನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 497ನೇ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 27ರಂದು ರದ್ದುಪಡಿಸಿತು. ಅದಕ್ಕೂ ಮುನ್ನ ಅದರಡಿ ಪರಪುರುಷನಿಗೆ ಶಿಕ್ಷೆಯಿತ್ತೇ ಹೊರತು ಹೆಂಡತಿಗೆ ಇರಲಿಲ್ಲ. ಆದ್ದರಿಂದ ಇಂದಿನ ಕಥೆಯಲ್ಲಿ ಗಂಡನು ಹೆಂಡತಿಯನ್ನು ಜೈಲಿಗೆ ಕಳುಹಿಸುವುದಾಗಿ ಹೆದರಿಸಿದ್ದೇ ಕೊಲೆಗೆ ಕಾರಣವಾದರೆ ಕಥೆಯ ಬುಡವೇ ಅಲುಗಾಡುತ್ತದೆ. ವಿಚ್ಛೇದನದ ಭಯವಾದರೆ ನಂಬಬಹುದು, ಏಕೆಂದರೆ ಹಿಂದೂ ವಿವಾಹ ಕಾಯ್ದೆಯಲ್ಲಿ ವ್ಯಭಿಚಾರವು ಇಂದಿಗೂ ವಿಚ್ಛೇದನಕ್ಕೆ ಆಧಾರ. 2024ರ ಜುಲೈ 1ರಂದು ಅಥವಾ ನಂತರ ನಡೆದ ಕೊಲೆಯಾದರೆ ಅನ್ವಯಿಸುವುದು ಹಳೆಯ ದಂಡ ಸಂಹಿತೆಯ ಸೆಕ್ಷನ್ 302 ಅಲ್ಲ, ಅದರ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 103.

ಇನ್ನು, ಜುಲೈ ಮಳೆಯಲ್ಲಿ ಕಾಫಿ ಹಣ್ಣು ಕೊಯ್ಯುತ್ತಿದ್ದ ಸಾಕ್ಷಿಯನ್ನು ಕಂಡರೆ ನಮ್ಮ ತೋಟದವರು ನಕ್ಕಾರು; ಇಲ್ಲಿ ಕೊಯ್ಲು ಮಳೆಗಾಲ ಮುಗಿದ ಮೇಲೆಯೇ. ಕೋವಿ ಇಟ್ಟುಕೊಳ್ಳುವುದು ಕೊಡವರಲ್ಲಿ ಸಂಪ್ರದಾಯವಾದ್ದರಿಂದ ಅವರ ಮನೆಯಲ್ಲಿ ಕೋವಿ ಸಿಕ್ಕಿತೆಂಬುದಷ್ಟೇ ಸುಳಿವಾಗದು ಎಂಬುದನ್ನೂ ಹೊರಗಿನ ಲೇಖಕರಿಗೆ ಸೌಜನ್ಯದಿಂದ ಬರೆದು ತಿಳಿಸಬಹುದು.